ಸಂಧಿವಾತದ ಮಗುವಿರುವ ಮನೆಗೆ ಬಂದುಹೋಗುವವರಿಗೆ



ಮಗುವೊಂದು ದೀರ್ಘಕಾಲದ ವ್ಯಾಧಿಗೆ ಸಿಕ್ಕಿದೆಯೆಂದು ತಿಳಿದರೆ ಆ ಮನೆಗೆ ಹೋಗಿ ಎರಡು ಮಾತನಾಡಿ ಬರುವುದು ನಮ್ಮ ಜನದ ಹಳೆಯ ಸಂಪ್ರದಾಯ. ಅಂಗಡಿಯಿಂದ ಅರ್ಧ ಡಜನ್ ಬಾಳೆಹಣ್ಣನ್ನೋ ಬಿಸ್ಕತ್ತಿನ ಪೊಟ್ಟಣವನ್ನೋ ಕೊಂಡು, ದಿನದ ಕೆಲಸವನ್ನು ಬದಿಗಿಟ್ಟು, ಬಸ್ಸಿನ ನೂಕುನುಗ್ಗಲಿನಲ್ಲಿ ನಿಂತುಕೊಂಡೇ ಬರುವ ಆ ಪ್ರೀತಿಯ ಮೇಲೆ ನನಗೆ ಪೂರ್ಣವಾದ ಭರವಸೆಯುಂಟು. ಆ ಭರವಸೆಯಿಂದಲೇ ಈ ಪತ್ರವನ್ನು ಬರೆಯುತ್ತಿದ್ದೇನೆ. ನನ್ನ ಮೊಮ್ಮಗಳಿಗೆ ಮಕ್ಕಳ ಸಂಧಿವಾತ. ಅವಳಂಥ ಮಕ್ಕಳು ನಮ್ಮ ನಾಡಿನ ಊರೂರಿನಲ್ಲಿಯೂ ಇದ್ದಾರೆ. ಅವರಲ್ಲೊಬ್ಬರು ನಿಮ್ಮ ತಂಗಿಯ ಮನೆಯಲ್ಲಿಯೋ, ನಿಮ್ಮ ವಠಾರದ ಎದುರು ಬಾಗಿಲಲ್ಲಿಯೋ, ನಿಮ್ಮ ಮಗನ ತರಗತಿಯ ಮುಂದಿನ ಬೆಂಚಿನಲ್ಲಿಯೋ ಇರಬಹುದು. ಅಂಥ ಮಗುವಿನ ಮನೆಯ ಹೊಸ್ತಿಲನ್ನು ದಾಟುವುದಕ್ಕೆ ಮೊದಲು ನಿಮ್ಮ ಮೈಯ ಸ್ಥಿತಿಯನ್ನೂ ನಿಮ್ಮ ಜೊತೆಯ ಮಕ್ಕಳ ಮೈಯ ಸ್ಥಿತಿಯನ್ನೂ ನೀವೇ ಒಮ್ಮೆ ವಿಚಾರಿಸಿಕೊಳ್ಳಿರೆಂದೂ, ಜ್ವರವೋ ಕೆಮ್ಮೋ ಮೈಮೇಲೆ ಗುಳ್ಳೆಯೋ ಕಂಡಿದ್ದರೆ ‘ಇನ್ನೊಮ್ಮೆ ಬರುತ್ತೇವೆ’ ಎಂಬ ಮಾತು ನಿಮ್ಮಿಂದಲೇ ಹೊರಡಲೆಂದೂ, ‘ದಯವಿಟ್ಟು ಇವತ್ತು ಬರಬೇಡಿ’ ಎಂದು ಹೇಳುವ ಸಂಕಟವನ್ನು ಆ ಮಗುವಿನ ತಾಯಿಯ ಮೇಲೆ ಹೊರಿಸಬೇಡಿರೆಂದೂ ಕೇಳಿಕೊಳ್ಳುವುದೇ ನನ್ನ ಉದ್ದೇಶ.

ಸಂಧಿವಾತವೆಂದರೆ ವೃದ್ಧಾಪ್ಯದ ವ್ಯಾಧಿಯೆಂದೇ ಬಹುಮಂದಿಯ ತಿಳಿವಳಿಕೆ; ‘ಇಷ್ಟು ಚಿಕ್ಕ ಹುಡುಗಿಗೆ ಮಂಡಿನೋವೆ?’ ಎಂಬ ಪ್ರಶ್ನೆಯನ್ನು ನಾವು ಕೇಳದೆ ಹಿಂದಿರುಗಿದ ಸಮಾರಂಭವಿಲ್ಲ. 16 ವರ್ಷ ತುಂಬುವ ಮೊದಲೇ ತೊಡಗಿ, ಕನಿಷ್ಠ 6 ವಾರಗಳ ಕಾಲ ಉಳಿದು, ಬೇರೆ ಯಾವ ಕಾರಣವೂ ಗೋಚರಿಸದ ಕೀಲುಗಳ ಉರಿಯೂತಕ್ಕೆ ವೈದ್ಯರು ಈ ಹೆಸರನ್ನು ಕೊಡುತ್ತಾರೆ. ಲಂಡನ್ನಿನ ಜಾರ್ಜ್ ಫ್ರೆಡರಿಕ್ ಸ್ಟಿಲ್ ಎಂಬ ವೈದ್ಯನು 22 ಮಕ್ಕಳನ್ನು ಪರೀಕ್ಷಿಸಿ, ಇವರಲ್ಲಿ ಅನೇಕರ ವ್ಯಾಧಿಯು ದೊಡ್ಡವರ ಸಂಧಿವಾತಕ್ಕಿಂತ ಬೇರೆಯಾದುದೆಂದು 1897ರಲ್ಲಿಯೇ ಬರೆದು ಪ್ರಕಟಿಸಿದ್ದನು. ಇಂದು ವೈದ್ಯರು ಇದರಲ್ಲಿ ಏಳು ಬಗೆಗಳನ್ನು ಎಣಿಸುತ್ತಾರೆ. ಬೆಳಗ್ಗೆ ಎದ್ದ ಕೂಡಲೆ ನನ್ನ ಮೊಮ್ಮಗಳು ಹಾಸಿಗೆಯ ಅಂಚಿನಲ್ಲಿ ಕುಳಿತು, ಪಾದಗಳನ್ನು ನೆಲಕ್ಕೆ ಮುಟ್ಟಿಸಿಯೂ ಮೈಭಾರವನ್ನು ಅವುಗಳ ಮೇಲೆ ಬಿಡದೆ, ಮಣಿಕಟ್ಟುಗಳನ್ನು ನಿಧಾನವಾಗಿ ಆಡಿಸುತ್ತಿರುತ್ತಾಳೆ. ಬಿಸಿನೀರಿನ ಸ್ನಾನವಾಗುವ ತನಕ ಪೇಸ್ಟಿನ ಮುಚ್ಚಳವನ್ನು ಅವಳು ತಿರುಗಿಸಲಾರಳು, ಜಡೆ ಹಾಕುವಾಗ ಕತ್ತನ್ನು ಹೊರಳಿಸಲಾರಳು. ಅದೇ ಹುಡುಗಿಯು ಹೊತ್ತೇರಿದ ಮೇಲೆ ಅಂಗಳದಲ್ಲಿ ಕುಂಟೆಬಿಲ್ಲೆಯ ಮನೆಗಳನ್ನು ಬರೆದುಕೊಂಡು ನಿಂತಿರುವುದನ್ನು ಕಂಡವರು ಬೆಳಗಿನ ನೋವನ್ನು ಸುಳ್ಳೆಂದು ಎಣಿಸುವುದುಂಟು. ಅದು ಸುಳ್ಳಲ್ಲ, ಬೆಳಗ್ಗೆ ಬಿಗಿದು ಹೊತ್ತು ಕಳೆದಂತೆ ಸಡಿಲವಾಗುವುದು ಈ ವ್ಯಾಧಿಯ ಸಹಜವಾದ ಗತಿ.

ಈ ವ್ಯಾಧಿಯಲ್ಲಿ, ಹೊರಗಿನ ರೋಗಾಣುಗಳಿಂದ ದೇಹವನ್ನು ಕಾಯಬೇಕಾದ ರಕ್ಷಣಾವ್ಯವಸ್ಥೆಯೇ ದಿಕ್ಕು ತಪ್ಪಿ ಕೀಲುಗಳ ಒಳಪೊರೆಯ ಮೇಲೆ ತಿರುಗಿಬೀಳುತ್ತದೆ. ಆದುದರಿಂದ ಮುಖ್ಯವಾದ ಔಷಧಗಳೆಲ್ಲವೂ ಆ ವ್ಯವಸ್ಥೆಯ ಉಗ್ರತೆಯನ್ನು ತಗ್ಗಿಸುವಂಥವೇ. ವಾರಕ್ಕೊಮ್ಮೆ ಅಲ್ಪಪ್ರಮಾಣದಲ್ಲಿ ಕೊಡುವ ಮೆಥೊಟ್ರೆಕ್ಸೇಟ್ ಎಂಬ ಔಷಧವು ಮಕ್ಕಳ ಸಂಧಿವಾತದಲ್ಲಿ ಗುಣಕಾರಿಯೆಂಬುದನ್ನು ಅಮೆರಿಕದ ವೈದ್ಯರೂ ಅಂದಿನ ಸೋವಿಯತ್ ದೇಶದ ವೈದ್ಯರೂ ಒಡಗೂಡಿ ಪರೀಕ್ಷಿಸಿ 1992ರಲ್ಲಿ ಪ್ರಕಟಿಸಿದರು. 1999ರಲ್ಲಿ ಎಟನರ್ಸೆಪ್ಟ್ ಎಂಬ ಚುಚ್ಚುಮದ್ದಿಗೆ ಅಮೆರಿಕದಲ್ಲಿ ಮಕ್ಕಳ ಸಂಧಿವಾತಕ್ಕಾಗಿ ಅನುಮತಿ ದೊರೆಯಿತು. ಅನಂತರ ಅಡಲಿಮುಮಾಬ್, ಟೊಸಿಲಿಜುಮಾಬ್ ಮೊದಲಾದ ಜೈವಿಕ ಔಷಧಗಳು ಬಂದುವು. ನನ್ನ ಬಾಲ್ಯದಲ್ಲಿ ಇಂಥ ಮಕ್ಕಳು ಮಡಿಸಿದ ಮಂಡಿಯನ್ನು ಮತ್ತೆ ಚಾಚಲಾರದೆ ಮೂಲೆ ಸೇರಿದ್ದುದನ್ನು ಕಣ್ಣಾರೆ ಕಂಡಿರುವ ನನಗೆ, ಈ ಔಷಧಗಳನ್ನು ಕುರಿತು ಕೃತಜ್ಞತೆಯಲ್ಲದೆ ಬೇರೆ ಭಾವವಿಲ್ಲ. ಆದರೆ ಉಪಕಾರವನ್ನೆಸಗುವ ಈ ಔಷಧಗಳೇ ಸೋಂಕನ್ನು ಎದುರಿಸುವ ಬಲವನ್ನು, ಕೆಲವು ಕೊಂಚವಾಗಿಯೂ ಕೆಲವು ಗಣನೀಯವಾಗಿಯೂ, ಕುಗ್ಗಿಸುತ್ತವೆ; ಹೆಚ್ಚು ಪ್ರಮಾಣದ ಸ್ಟೆರಾಯ್ಡು ಈ ವಿಷಯದಲ್ಲಿ ಎಲ್ಲಕ್ಕಿಂತ ಅಪಾಯಕರವಾದುದು.

ಸೋಂಕಿನಿಂದ ಇಂಥ ಮಗುವಿಗಾಗುವ ಹಾನಿಯು ಒಂದೇ ಬಗೆಯದಲ್ಲವೆಂಬ ಸಂಗತಿಯು ಹೊರಗಿನವರಿಗೆ ಸಾಮಾನ್ಯವಾಗಿ ತಿಳಿದಿರುವುದಿಲ್ಲ. ಸೋಂಕು ಬೇರೆ ಮಕ್ಕಳಿಗಿಂತ ಉಗ್ರವಾಗಬಹುದೆಂಬುದು ಒಂದು. ತೀವ್ರವಾದ ಸೋಂಕು ಇರುವಾಗ ವಾರದ ಗುಳಿಗೆಯನ್ನೋ ಹದಿನೈದು ದಿನಗಳ ಚುಚ್ಚುಮದ್ದನ್ನೋ ವೈದ್ಯರು ತಡೆಹಿಡಿಯಬೇಕಾಗುವುದೆಂಬುದೂ, ಹಾಗೆ ತಡೆಹಿಡಿದಾಗ ತಿಂಗಳುಗಟ್ಟಲೆ ಶಾಂತವಾಗಿದ್ದ ಕೀಲುಗಳು ಮತ್ತೆ ಊದಿಕೊಳ್ಳಬಹುದೆಂಬುದೂ ಇನ್ನೊಂದು. ನಿಮ್ಮ ಮನೆಯಲ್ಲಿ ಮೂರು ದಿನಕ್ಕೆ ಮುಗಿಯುವ ಜ್ವರವು ಈ ಮನೆಯಲ್ಲಿ ಮೂರು ತಿಂಗಳ ಕುಂಟಾಗಿ ಉಳಿಯುವುದಕ್ಕೆ ಸಾಧ್ಯವುಂಟು.

ಇಷ್ಟನ್ನು ಕೇಳಿ, ಮಗುವನ್ನು ಗಾಜಿನ ಬೀರುವಿನಲ್ಲಿಟ್ಟು ಬಾಗಿಲು ಹಾಕಬೇಕೆಂದು ನಾನು ಹೇಳುತ್ತಿರುವೆನೆಂದು ಯಾರೂ ಭಾವಿಸಬಾರದು. ಸಂಧಿವಾತವು ಒಬ್ಬರಿಂದ ಒಬ್ಬರಿಗೆ ಅಂಟುವ ವ್ಯಾಧಿಯಲ್ಲ. ಅವಳ ಪಕ್ಕದಲ್ಲಿ ಕುಳಿತು ಊಟಮಾಡಿದರೆ, ಅವಳ ಕೈಹಿಡಿದು ಆಡಿದರೆ ನಿಮ್ಮ ಮಕ್ಕಳಿಗೆ ಏನೂ ಆಗದು. ಶಾಲೆಗೆ ಹೋಗುವ ಮಗುವಿಗೆ ವರ್ಷದಲ್ಲಿ ಹಲವು ಸಲ ನೆಗಡಿಯಾಗುವುದು ಸಹಜ, ಔಷಧ ಸೇವಿಸುವ ಮಕ್ಕಳಲ್ಲಿಯೂ ಅವುಗಳಲ್ಲಿ ಬಹುಪಾಲು ತಾವಾಗಿಯೇ ಕಳೆದುಹೋಗುತ್ತವೆ. ಹೆದರಿಕೆಯಿಂದ ಶಾಲೆಯನ್ನೂ ಹಬ್ಬವನ್ನೂ ಗೆಳತಿಯರನ್ನೂ ಕಿತ್ತುಕೊಂಡರೆ ವ್ಯಾಧಿಯು ಕೀಲಿನಿಂದ ಮನಸ್ಸಿಗೆ ಇಳಿಯುವುದೆಂದು ನಮ್ಮ ವೈದ್ಯರು ಮೊದಲ ದಿನವೇ ಎಚ್ಚರಿಸಿದ್ದರು. ವಿಶೇಷವಾಗಿ ಅಂಜಬೇಕಾದ ಸೋಂಕುಗಳು ಕೆಲವೇ. ಅವುಗಳ ವಿಷಯದಲ್ಲಿ ಮಾತ್ರ ಸಡಿಲವಾಗುವಂತಿಲ್ಲ.

ಅವುಗಳಲ್ಲಿ ಮೊದಲನೆಯದು ಸೀತಾಳೆ ಸಿಡುಬು, ನಮ್ಮ ಮನೆಮಾತಿನಲ್ಲಿ ‘ಅಮ್ಮ’. ಬಂಧುಗಳೊಬ್ಬರ ಮನೆಯಲ್ಲಿ ನಾಮಕರಣವಾಯಿತು, ನಾವೆಲ್ಲರೂ ಹೋಗಿದ್ದೆವು. ಆ ಬೇಸಗೆಯಲ್ಲಿಯೂ ತುಂಬುತೋಳಿನ ಅಂಗಿ ತೊಟ್ಟಿದ್ದ ಹುಡುಗನೊಬ್ಬನು ಮಧ್ಯಾಹ್ನವೆಲ್ಲ ನನ್ನ ಮೊಮ್ಮಗಳೊಡನೆ ಒಂದೇ ಚಾಪೆಯ ಮೇಲೆ ಕುಳಿತು ಚೌಕಾಬಾರ ಆಡಿದನು. ಎರಡು ದಿನಗಳ ಅನಂತರ ಬಂದ ದೂರವಾಣಿ ಕರೆಯಲ್ಲಿ, ಅವನ ಬೆನ್ನಿನ ಮೇಲೆ ಅಂದೇ ನಾಲ್ಕಾರು ನೀರುಗುಳ್ಳೆಗಳಿದ್ದುವೆಂದೂ, ಸಮಾರಂಭವನ್ನು ತಪ್ಪಿಸಿದರೆ ಮನೆಯವರು ಏನೆಂದುಕೊಳ್ಳುವರೋ ಎಂದು ಯಾರಿಗೂ ಹೇಳಲಿಲ್ಲವೆಂದೂ ತಿಳಿದುಬಂದಿತು. ಹುಡುಗನ ತಾಯಿಯ ಮೇಲೆ ನನಗೆ ಕೋಪವಿಲ್ಲ. ಸಮಾರಂಭಕ್ಕೆ ಬಾರದವರನ್ನು ಆಡಿಕೊಳ್ಳುವ ನಮ್ಮೆಲ್ಲರ ನಾಲಗೆಗೆ ಹೆದರಿ ಆಕೆಯು ಆ ಗುಳ್ಳೆಗಳನ್ನು ಮುಚ್ಚಿದಳು. ನನ್ನ ಸೊಸೆಯು ವೈದ್ಯರಿಗೆ ಕರೆ ಮಾಡಿದಾಗ ಅವರು ಕೇಳಿದ ಪ್ರಶ್ನೆಗಳು ನನಗೆ ಈಗಲೂ ನೆನಪಿವೆ: ಇಬ್ಬರೂ ಒಂದೇ ಕೋಣೆಯಲ್ಲಿ ಎಷ್ಟು ಹೊತ್ತು ಇದ್ದರು, ಮಗುವಿಗೆ ಮೊದಲು ಎಂದಾದರೂ ಅಮ್ಮ ಬಂದಿತ್ತೆ, ಅದರ ಲಸಿಕೆಯನ್ನು ಹಾಕಿಸಿತ್ತೆ, ಈ ವಾರದ ಗುಳಿಗೆ ಆಗಿಹೋಗಿದೆಯೆ. ಅಮ್ಮ ಬಂದಿರಲಿಲ್ಲ, ಲಸಿಕೆಯನ್ನು ಹಾಕಿಸುವ ಮೊದಲೇ ಕೀಲುಗಳು ಊದಿದ್ದುವು. ವೈದ್ಯರು ವಾರದ ಗುಳಿಗೆಯನ್ನು ನಿಲ್ಲಿಸಿದರು, ತಡೆಮದ್ದನ್ನು ಬರೆದುಕೊಟ್ಟರು, ಮೈಯನ್ನು ದಿನವೂ ನೋಡಿಕೊಳ್ಳುವಂತೆ ಹೇಳಿದರು. ಗುಳ್ಳೆಗಳು ಏಳಲಿಲ್ಲ. ಗುಳಿಗೆ ತಪ್ಪಿದುದರಿಂದ ಎರಡು ಮಂಡಿಗಳೂ ಬಲಗೈಯ ಮಣಿಕಟ್ಟೂ ಊದಿಕೊಂಡುವು. ಪೆನ್ಸಿಲ್ಲನ್ನು ಹಿಡಿಯಲಾರದೆ ಅವಳು ಆ ಸಲದ ಪರೀಕ್ಷೆಯನ್ನು ಬಾಯಿಮಾತಿನಲ್ಲಿ ಕೊಟ್ಟಳು.

ಆಗ ಅರಿತುದನ್ನು ನಿಮ್ಮೆದುರಿಗೂ ಇಡುತ್ತೇನೆ. ಈ ಸೋಂಕು ಗುಳ್ಳೆಗಳು ಕಾಣುವುದಕ್ಕೆ ಒಂದೆರಡು ದಿನಗಳ ಮುಂಚಿನಿಂದಲೇ ಹರಡತೊಡಗಿ, ಎಲ್ಲ ಗುಳ್ಳೆಗಳೂ ಒಣಗಿ ಹಕ್ಕಳೆಗಟ್ಟುವ ತನಕ ಹರಡುತ್ತಲೇ ಇರುತ್ತದೆ. ತಗುಲಿದವರಲ್ಲಿ ಕಾಣಿಸಿಕೊಳ್ಳುವುದಕ್ಕೆ 10ರಿಂದ 21 ದಿನ ಹಿಡಿಯುತ್ತದೆ. ಒಂದೇ ಮನೆಯಲ್ಲಿ ಒಬ್ಬರಿಗೆ ಬಂದರೆ, ಮೊದಲು ಬಾರದೆ ಲಸಿಕೆಯನ್ನೂ ಪಡೆಯದಿದ್ದ ಉಳಿದವರಲ್ಲಿ ಹತ್ತರಲ್ಲಿ ಒಂಬತ್ತು ಮಂದಿಯ ತನಕ ಬರಬಹುದು. ಸೋಂಕಿನ ಸಂಪರ್ಕವಾದುದು ಬೇಗನೆ ತಿಳಿದರೆ ರಕ್ಷಣೆಯ ಉಪಾಯವುಂಟು. ಅದಕ್ಕೆಂದೇ ಇರುವ ಇಮ್ಯುನೋಗ್ಲಾಬ್ಯುಲಿನ್ ಎಂಬ ಚುಚ್ಚುಮದ್ದನ್ನು ಸಂಪರ್ಕವಾದ 10 ದಿನಗಳೊಳಗೆ, ಅದರಲ್ಲಿಯೂ ಎಷ್ಟು ಬೇಗ ಸಾಧ್ಯವೋ ಅಷ್ಟು ಬೇಗ ಕೊಡಬೇಕು, ಇಲ್ಲವೆ ವೈದ್ಯರು ಏಸೈಕ್ಲೋವಿರ್ ಎಂಬ ಔಷಧವನ್ನು ಆರಿಸಿಕೊಳ್ಳಬಹುದು. ಆದುದರಿಂದ, ನಮ್ಮ ಮನೆಗೆ ಬಂದುಹೋದ ಮೇಲೆ ನಿಮ್ಮಲ್ಲಿ ಯಾರಿಗಾದರೂ ಗುಳ್ಳೆಗಳೆದ್ದರೆ, ಸಂಕೋಚವನ್ನು ಬಿಟ್ಟು ಆ ಗಳಿಗೆಯಲ್ಲಿಯೇ ತಿಳಿಸಿರಿ. ನಿಮ್ಮನ್ನು ಯಾರೂ ದೂರುವುದಿಲ್ಲ. ನೀವು ಸುಮ್ಮನಿದ್ದ ಒಂದೊಂದು ದಿನವೂ ವೈದ್ಯರ ಕೈಯಿಂದ ಜಾರಿಹೋದ ದಿನ. ಸೊಂಟದ ಸುತ್ತ ಸರ್ಪಸುತ್ತೆದ್ದು ಕೆಮ್ಮಣ್ಣು ಬಳಿದುಕೊಂಡಿರುವ ಹಿರಿಯರೂ ಈ ಮಾತನ್ನು ಗಮನಿಸಬೇಕು: ಅಮ್ಮನಿಗೂ ಸರ್ಪಸುತ್ತಿಗೂ ಕಾರಣವಾದ ವೈರಸ್ಸು ಒಂದೇ, ಆ ಗುಳ್ಳೆಗಳ ನೀರು ತಾಕಿದರೆ ಮಗುವಿಗೆ ಅಮ್ಮ ಬರಬಹುದು.

ನಮ್ಮ ಹಿಂದಿನವರಿಗೆ ವೈರಸ್ಸಿನ ಹೆಸರು ಗೊತ್ತಿರಲಿಲ್ಲ. ಆದರೂ ಅಮ್ಮ ಬಂದ ಮನೆಯ ಬಾಗಿಲಿಗೆ ಬೇವಿನ ಸೊಪ್ಪನ್ನು ಸಿಕ್ಕಿಸುತ್ತಿದ್ದರು. ಸೊಪ್ಪನ್ನು ಕಂಡ ನೆಂಟನು ಹೊರಗಿನಿಂದಲೇ ಕ್ಷೇಮವನ್ನು ವಿಚಾರಿಸಿ ಹಿಂದಿರುಗುತ್ತಿದ್ದನು. ಆ ಮನೆಯವರೂ ಮದುವೆ ಮುಂಜಿಗಳಿಗೆ ಹೋಗುತ್ತಿರಲಿಲ್ಲ. ಹೋಗದಿದ್ದುದಕ್ಕೆ ಯಾರೂ ಕಾರಣ ಕೇಳುತ್ತಿರಲಿಲ್ಲ, ಬೇಸರಪಡುತ್ತಲೂ ಇರಲಿಲ್ಲ. ಇಂದು ಆ ಸೊಪ್ಪು ಬಾಗಿಲಿನಿಂದ ಮರೆಯಾಯಿತು, ಅದರ ಜೊತೆಗೆ ಆ ಮರ್ಯಾದೆಯೂ ಮರೆಯಾಯಿತು. ಜ್ವರದ ಮಗುವಿಗೆ ಒಂದು ಚಮಚ ಔಷಧವನ್ನು ಕುಡಿಸಿ, ಮೈ ತಣ್ಣಗಾದೊಡನೆ ಆರತಕ್ಷತೆಗೆ ಎತ್ತಿಕೊಂಡು ಹೊರಡುವುದು ಸಾಮಾನ್ಯವಾಗಿದೆ. ಮೈ ತಣ್ಣಗಾಯಿತೆಂದ ಮಾತ್ರಕ್ಕೆ ಸೋಂಕು ಹೋಯಿತೆಂದು ಅರ್ಥವಲ್ಲ.

ಅಂಜಬೇಕಾದ ಸೋಂಕುಗಳಲ್ಲಿ ಎರಡನೆಯದು ದಡಾರ. ಕೆಮ್ಮಿದವನು ಎದ್ದುಹೋದ ಮೇಲೆಯೂ ಎರಡು ಗಂಟೆಗಳ ತನಕ ದಡಾರದ ವೈರಸ್ಸು ಕೋಣೆಯ ಗಾಳಿಯಲ್ಲಿ ಉಳಿದಿರಬಲ್ಲದು. ಔಷಧದಲ್ಲಿರುವ ನಮ್ಮ ಮಗುವಿಗೆ ದಡಾರ, ಅಮ್ಮ ಮೊದಲಾದುವುಗಳ ಜೀವಂತ ಲಸಿಕೆಗಳನ್ನು ಹಾಕುವುದೋ ಬಿಡುವುದೋ ಎಂಬುದನ್ನು ತಜ್ಞರೇ ಪ್ರತಿಯೊಂದು ಪ್ರಸಂಗದಲ್ಲಿ ತೂಗಿ ನೋಡಿ ನಿರ್ಣಯಿಸಬೇಕಾಗಿದೆ, ಸಾಮಾನ್ಯವಾಗಿ ಬೇಡವೆಂದೇ ಹೇಳುವರು. ಹೀಗಾಗಿ ಅವಳ ರಕ್ಷಣೆಯು ಅವಳ ಸುತ್ತಲಿನವರ ತೋಳಿನಲ್ಲಿದೆ. ದಡಾರ ಮತ್ತು ರುಬೆಲ್ಲಾ ಲಸಿಕೆಯ ಮಹಾ ಅಭಿಯಾನವು 2017ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಉದ್ಘಾಟನೆಯಾಗಿ, ಕರ್ನಾಟಕವನ್ನೊಳಗೊಂಡ ಮೊದಲ ಹಂತದ ರಾಜ್ಯಗಳಲ್ಲಿ 9 ತಿಂಗಳಿನಿಂದ 15 ವರ್ಷದೊಳಗಿನ ಮಕ್ಕಳಿಗೆ ಲಸಿಕೆಯನ್ನು ಹಾಕಲಾಯಿತೆಂಬುದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಆಗ ಗಾಳಿಮಾತುಗಳನ್ನು ನಂಬಿ ಮಕ್ಕಳನ್ನು ಆ ದಿನ ಶಾಲೆಗೆ ಕಳುಹಿಸದೆ ಉಳಿದ ತಂದೆತಾಯಿಗಳೂ ಇದ್ದರು. ನಿಮ್ಮ ಮಗುವಿನ ಲಸಿಕೆಯು ನಿಮ್ಮ ಮಗುವಿಗೆ ಮಾತ್ರ ಸಂಬಂಧಿಸಿದುದಲ್ಲವೆಂದು ನಾನು ಕೈಮುಗಿದು ಹೇಳಬಯಸುತ್ತೇನೆ. ಸೀತಾಳೆ ಸಿಡುಬಿನ ಲಸಿಕೆಯು ಸರ್ಕಾರದ ಉಚಿತ ಪಟ್ಟಿಯಲ್ಲಿ ಇಲ್ಲ, ಹಣ ಕೊಟ್ಟೇ ಹಾಕಿಸಬೇಕು. ಅನುಕೂಲವಿರುವವರು ಇಂಥ ಮಗುವಿನ ಒಡಹುಟ್ಟಿದವರಿಗೂ ದಿನವೂ ಒಡನಾಡುವ ಮಕ್ಕಳಿಗೂ ಹಾಕಿಸಿದರೆ ದೊಡ್ಡ ಉಪಕಾರವಾಗುವುದು. ಇಂಥ ಮಗುವಿನ ಮನೆಯಲ್ಲಿ ಹಸುಗೂಸಿದ್ದು ಅದಕ್ಕೆ ಪೋಲಿಯೋ ಹನಿ ಹಾಕಿಸುವ ಸಂದರ್ಭ ಬಂದರೆ ಮೊದಲು ವೈದ್ಯರೊಡನೆ ಒಂದು ಮಾತು ಆಡಿರಿ. ಹನಿಯಲ್ಲಿರುವ ಸೌಮ್ಯವಾದ ವೈರಸ್ಸು ಕೆಲವು ವಾರಗಳ ಕಾಲ ಕೂಸಿನ ಮಲದಲ್ಲಿ ಹೊರಬೀಳುವುದರಿಂದ, ಬಟ್ಟೆ ಬದಲಾಯಿಸಿದವರು ಸೋಪಿನಿಂದ ಕೈತೊಳೆಯುವುದು ಅಗತ್ಯ. ಹನಿಯನ್ನು ಬಿಟ್ಟುಬಿಡಿರೆಂದು ನಾನು ಎಂದಿಗೂ ಹೇಳಲಾರೆ.

ಮೂರನೆಯದರ ವಿಷಯದಲ್ಲಿ ನನ್ನ ಸಮವಯಸ್ಕರೊಡನೆ ಒಂದು ಮಾತು. ನಮಗೆ ಕೆಮ್ಮು ಹೊಸದಲ್ಲ. ಚಳಿಗಾಲದ ಕೆಮ್ಮು, ಬೀಡಿಯ ಕೆಮ್ಮು, ವಯಸ್ಸಿನ ಕೆಮ್ಮು ಎಂದು ಹೆಸರಿಟ್ಟು ಅದನ್ನು ಮನೆಯ ಮೂಲೆಯಲ್ಲಿ ಕುಳ್ಳಿರಿಸಿಕೊಂಡು ಸಾಕುತ್ತೇವೆ. ಆದರೆ ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದು ಪಾಲು ನಮ್ಮ ದೇಶದಲ್ಲಿದ್ದಾರೆ, ಮೊಮ್ಮಕ್ಕಳಿಗೆ ಕ್ಷಯವು ತಮ್ಮದೇ ಮನೆಯ ದೊಡ್ಡವರ ಕೆಮ್ಮಿನಿಂದ ಬರುವುದುಂಟು. ಅಡಲಿಮುಮಾಬ್‌ನಂಥ ಔಷಧಗಳು ಎದೆಯಲ್ಲಿ ಮಲಗಿರುವ ಕ್ಷಯದ ಬೀಜವನ್ನು ಎಬ್ಬಿಸಬಲ್ಲುವಾದುದರಿಂದ, ಅವುಗಳನ್ನು ತೊಡಗಿಸುವ ಮೊದಲು ಮಗುವಿಗೆ ಮಾಂಟೂ ಪರೀಕ್ಷೆಯನ್ನೋ ರಕ್ತಪರೀಕ್ಷೆಯನ್ನೋ ಎದೆಯ ಕ್ಷಕಿರಣ ಚಿತ್ರವನ್ನೋ ಮಾಡಿಸುತ್ತಾರೆ. ಮಗುವನ್ನು ಇಷ್ಟೆಲ್ಲ ಪರೀಕ್ಷೆಗೆ ಒಡ್ಡಿ, ಅದನ್ನು ತೊಡೆಯ ಮೇಲೆ ಕುಳ್ಳಿರಿಸಿಕೊಂಡು ಕಥೆ ಹೇಳುವ ತಾತನ ಕಫವನ್ನು ಪರೀಕ್ಷಿಸದೆ ಬಿಡುವುದು ನ್ಯಾಯವೆ? ಎರಡು ವಾರಗಳಿಗೆ ಮೀರಿದ ಕೆಮ್ಮಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫದ ಪರೀಕ್ಷೆಯೂ, ಕ್ಷಯವಿದ್ದರೆ ಚಿಕಿತ್ಸೆಯೂ ಉಚಿತವಾಗಿ ದೊರೆಯುತ್ತವೆ. ನನ್ನ ಕಫವನ್ನು ನಾನೂ ಕೊಟ್ಟುಬಂದೆನು. ಅದರಲ್ಲಿ ನಾಚಿಕೆಪಡುವಂಥದೇನೂ ಇರಲಿಲ್ಲ.

ಫ್ಲೂ ಜ್ವರವು ನಮ್ಮಲ್ಲಿ ಮಳೆಗಾಲದಲ್ಲಿ ಮೇಲೇಳುತ್ತದೆ; ಗೌರಿ ಗಣೇಶರ ಹಬ್ಬವೂ ಅದೇ ಕಾಲಕ್ಕೆ ಬಂದು ಬಾಗಿನದ ಮೊರದೊಡನೆ ಮನೆಯಿಂದ ಮನೆಗೆ ಓಡಾಟವಾಗುತ್ತದೆ. ಜೀವಂತ ವೈರಸ್ಸಿಲ್ಲದ ಫ್ಲೂ ಚುಚ್ಚುಮದ್ದನ್ನು ನಮ್ಮ ಮಗುವೂ ವರ್ಷಕ್ಕೊಮ್ಮೆ ಹಾಕಿಸಿಕೊಳ್ಳಬಹುದು, ಅವಳ ಜೊತೆಯಲ್ಲಿ ವಾಸಿಸುವವರೆಲ್ಲರೂ ಹಾಕಿಸಿಕೊಂಡರೆ ಇನ್ನೂ ಒಳ್ಳೆಯದು. ಉಳಿದುದಕ್ಕೆ ಹೊಸ ವಿದ್ಯೆಯೇನೂ ಬೇಕಿಲ್ಲ. ಬಂದವರಿಗೆ ಬಾಗಿಲಲ್ಲಿಯೇ ಚೊಂಬಿನಲ್ಲಿ ನೀರು ಕೊಟ್ಟು ಕೈಕಾಲು ತೊಳೆಯಿರೆನ್ನುತ್ತಿದ್ದ ಮನೆಗಳಲ್ಲಿ ನಾವು ಬೆಳೆದವರು. ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುವುದನ್ನೂ, ಎಂಜಲನ್ನು ಇನ್ನೊಬ್ಬರಿಗೆ ಕೊಡದಿರುವುದನ್ನೂ ಅಕ್ಷರಾಭ್ಯಾಸಕ್ಕೆ ಮೊದಲೇ ಕಲಿತವರು. ಅದಕ್ಕೆ ಒಂದು ತುಂಡು ಸೋಪನ್ನೂ ಇಪ್ಪತ್ತು ಸೆಕೆಂಡುಗಳ ತಾಳ್ಮೆಯನ್ನೂ ಕೂಡಿಸಿದರೆ ಸಾಕು. ತಾವು ಕಚ್ಚಿದ ಮಿಠಾಯಿಯನ್ನು ಮಗುವಿನ ಬಾಯಿಗೆ ಇಡುವುದು, ಕೆನ್ನೆಗೆ ಮುತ್ತಿಕ್ಕುವುದು, ಊದಿ ಆರಿಸಿ ಹಾಲು ಕುಡಿಸುವುದು, ಇವನ್ನು ಈ ಒಂದು ಮಗುವಿನ ವಿಷಯದಲ್ಲಿ ತಡೆದುಕೊಳ್ಳಿರಿ. ವಾಂತಿಭೇದಿಯಿದ್ದವರು ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡು ತೃಪ್ತರಾಗಬಾರದು. ಆ ಬಗೆಯ ಕೆಲವು ವೈರಸ್ಸುಗಳು ಅದಕ್ಕೆ ಬಗ್ಗುವುದಿಲ್ಲ, ಸೋಪೂ ನೀರೂ ಬೇಕು.

ಹೊರಗಿನವರನ್ನು ತಡೆಯುವುದಕ್ಕಿಂತ ಕಠಿನವಾದುದು, ಒಳಗಿನವನಿಗೇ ಜ್ವರ ಬಂದಾಗ ಏನು ಮಾಡುವುದೆಂಬುದು. ನಮ್ಮದು ಎರಡು ಕೋಣೆಗಳ ಮನೆ. ನನ್ನ ಮೊಮ್ಮಗಳಿಗೆ ಆರು ವರ್ಷದ ತಮ್ಮನಿದ್ದಾನೆ. ಅವನಿಗೆ ಕೆಮ್ಮು ತೊಡಗಿದರೆ ಅವನ ಹಾಸಿಗೆಯನ್ನು ನನ್ನ ಕೋಣೆಗೆ ತರುತ್ತೇವೆ, ಕಿಟಕಿಗಳನ್ನು ತೆರೆದಿಡುತ್ತೇವೆ, ಅವನ ಲೋಟ, ತಟ್ಟೆ, ಟವಲುಗಳನ್ನು ಬೇರೆಯಾಗಿ ಇಡುತ್ತೇವೆ, ಆರೈಕೆಯನ್ನು ಒಬ್ಬರೇ ನೋಡಿಕೊಳ್ಳುತ್ತೇವೆ, ಅಕ್ಕನ ಔಷಧದ ಹೊತ್ತಿಗೆ ಆ ಒಬ್ಬರು ಅತ್ತ ಸುಳಿಯುವುದಿಲ್ಲ. ಕೋವಿಡ್ ಕಾಲದಲ್ಲಿ ಕಲಿತ ಮುಖಗವಸು ಆಗ ಮತ್ತೆ ಹೊರಬರುತ್ತದೆ. ಇವೆಲ್ಲ ಮಾಡಬಹುದಾದ ಕೆಲಸಗಳು. ಮಾಡುವುದಕ್ಕೆ ಕಷ್ಟವಾದುದೆಂದರೆ, ಬಾಗಿಲ ಆಚೆ ನಿಂತು ‘ಅಕ್ಕನಿಗೆ ನನ್ನಿಂದ ಜ್ವರ ಬರುತ್ತದೆಯೆ ತಾತ?’ ಎಂದು ಕೇಳುವ ಹುಡುಗನಿಗೆ ಉತ್ತರ ಹೇಳುವುದು. ಅವನು ಅಪರಾಧಿಯಲ್ಲವೆಂಬುದನ್ನು ಪ್ರತಿಸಲವೂ ಬಾಯಿಬಿಟ್ಟು ಹೇಳಬೇಕು. ಮನೆಗೆ ಬಂದ ಹಿರಿಯರು ನಗುನಗುತ್ತಲೇ ‘ಇವನೇ ತಂದು ಹಚ್ಚಿದ್ದು’ ಎಂದು ಅವನ ತಲೆಯನ್ನು ಸವರಿ ಹೋಗುವುದುಂಟು. ಆ ಮಾತು ಆರು ವರ್ಷದ ಎದೆಯಲ್ಲಿ ಎಷ್ಟು ದಿನ ಉಳಿಯುವುದೆಂಬುದನ್ನು ರಾತ್ರಿ ಅವನ ಪಕ್ಕದಲ್ಲಿ ಮಲಗುವ ನಾನು ಬಲ್ಲೆನು. ದಯವಿಟ್ಟು ಹಾಗೆ ಹೇಳಬೇಡಿರಿ.

ಪ್ರೀತಿಯಿಂದ ನೀವು ತರುವ ಕಷಾಯದ ವಿಷಯವನ್ನೂ ಹೇಳಿಬಿಡಬೇಕು. ‘ರೋಗನಿರೋಧಕ ಶಕ್ತಿ ಹೆಚ್ಚಲಿ’ ಎಂದು ಅಮೃತಬಳ್ಳಿಯ ರಸವನ್ನೋ ಹೆಸರು ತಿಳಿಯದ ಚೂರ್ಣವನ್ನೋ ತಂದುಕೊಡುವವರು ಹಲವರು. ನಮ್ಮ ಮಗುವಿನಲ್ಲಿ ಆ ಶಕ್ತಿಯು ಕಡಿಮೆಯಾಗಿ ವ್ಯಾಧಿ ಬಂದುದಲ್ಲ. ಅದು ದಾರಿ ತಪ್ಪಿ ಬಂದುದು. ಮೆಥೊಟ್ರೆಕ್ಸೇಟ್ ಸೇವಿಸುವ ಮಕ್ಕಳ ಯಕೃತ್ತನ್ನು ವೈದ್ಯರು ಆಗಾಗ್ಗೆ ರಕ್ತಪರೀಕ್ಷೆಯಿಂದ ಕಾಯುತ್ತಿರುತ್ತಾರೆ, ಅಮೃತಬಳ್ಳಿಯನ್ನು ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದ ಪ್ರಸಂಗಗಳನ್ನು ನಮ್ಮ ದೇಶದ ವೈದ್ಯರೇ ವರದಿ ಮಾಡಿದ್ದಾರೆ. ಪೂಜೆಯ ಪಂಚಾಮೃತವನ್ನು ಕಾಯಿಸದ ಹಾಲಿನಿಂದ ಮಾಡಿದ್ದರೆ ಮಗುವಿಗೆ ಕೊಡುವುದಿಲ್ಲ. ಅದನ್ನು ದೇವರಿಗೆ ಮಾಡಿದ ಅವಮರ್ಯಾದೆಯೆಂದು ತಿಳಿಯಬೇಡಿರಿ, ಹಸಿಹಾಲಿನಿಂದ ಬರುವ ರೋಗಗಳಲ್ಲಿ ಕೀಲುಗಳಿಗೇ ನೋವುಂಟುಮಾಡುವ ಬ್ರೂಸೆಲ್ಲಾ ಜ್ವರವೂ ಒಂದು.

ಜ್ವರ ಬಂದಿದೆಯೆಂದು ಕೇಳಿದ ಕೂಡಲೆ ‘ಎಲ್ಲ ಔಷಧವನ್ನೂ ನಿಲ್ಲಿಸಿಬಿಡಿ’ ಎಂದು ಸಲಹೆ ಕೊಡುವವರಿಗೆ ಒಂದು ಪ್ರಾರ್ಥನೆ. ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ನಿಲ್ಲಿಸಬಾರದೆಂಬುದು ವೈದ್ಯರು ಹೇಳಬೇಕಾದ ಮಾತು. ಬಹಳ ದಿನಗಳಿಂದ ಸೇವಿಸುತ್ತಿರುವ ಪ್ರೆಡ್ನಿಸೊಲೋನ್‌ನಂಥ ಸ್ಟೆರಾಯ್ಡನ್ನು ಥಟ್ಟನೆ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯವಾಗಬಹುದು. ಕೆಲವು ಔಷಧಗಳು ಜ್ವರವನ್ನೇ ಮರೆಮಾಡುವುದರಿಂದ, ಮೈ ಹೆಚ್ಚು ಕಾಯದಿದ್ದರೂ ಒಳಗೆ ಸೋಂಕು ಬಲವಾಗಿರಬಹುದು. ಮೈಯೆಲ್ಲ ವ್ಯಾಪಿಸುವ ಬಗೆಯ ಸಂಧಿವಾತವಿರುವ ಮಗುವಿನಲ್ಲಿ ಸಾಮಾನ್ಯ ಸೋಂಕೊಂದು ಅತ್ಯುಗ್ರವಾದ ಉರಿಯೂತವನ್ನು ಕೆರಳಿಸಿ ಕೆಲವೇ ದಿನಗಳಲ್ಲಿ ಸ್ಥಿತಿಯು ಕೈಮೀರಬಹುದು. ಇಳಿಯದ ಜ್ವರ, ಊಟ ಬಿಟ್ಟು ಮಂಕಾಗಿ ಮಲಗುವುದು, ಏದುಸಿರು, ಮೈಮೇಲೆ ಹೊಸ ಕಲೆ, ಇವು ಕಂಡರೆ ಮನೆಯವರು ರಾತ್ರಿಯೆಂದು ನೋಡದೆ ಆಸ್ಪತ್ರೆಗೆ ಹೊರಡುತ್ತಾರೆ. ಅದನ್ನು ಅತಿಯಾದ ಗಾಬರಿಯೆನ್ನಬೇಡಿರಿ. ಈ ವ್ಯಾಧಿಯನ್ನು ಬಲ್ಲ ತಜ್ಞರು ಬಹುಮಟ್ಟಿಗೆ ಬೆಂಗಳೂರಿನಂಥ ದೊಡ್ಡ ಊರುಗಳಲ್ಲಿಯೇ ಇರುವುದರಿಂದ, ದೂರದ ಊರಿನವರಿಗೆ ಆ ಹೊತ್ತಿನಲ್ಲಿ ಬೇಕಾದುದು ಸಲಹೆಯಲ್ಲ. ಒಂದು ವಾಹನ, ಉಳಿದ ಮಗುವನ್ನು ನೋಡಿಕೊಳ್ಳುವ ಒಬ್ಬರು, ಒಂದು ಬುತ್ತಿ.

ಕೊನೆಯದಾಗಿ ನನ್ನ ಸೊಸೆಯ ವಿಷಯ. ಬಾಗಿಲಿಗೆ ಬಂದ ಅತ್ತಿಗೆಗೆ ‘ನಿಮ್ಮ ಮಗುವಿನ ನೆಗಡಿ ವಾಸಿಯಾದ ಮೇಲೆ ಬನ್ನಿ’ ಎಂದು ಹೇಳಿದುದಕ್ಕೆ ಅವಳು ಕೇಳಬೇಕಾಗಿ ಬಂದ ಮಾತುಗಳನ್ನು ನಾನು ಕೇಳಿದ್ದೇನೆ. ಓದಿದ ಗರ್ವವೆಂದರು, ನೆಂಟರನ್ನು ಬೇಡವೆನ್ನುವ ಉಪಾಯವೆಂದರು. ಆ ಮಾತುಗಳನ್ನು ಕೇಳಿದ ಸಂಜೆ ಅವಳು ಅಡುಗೆಮನೆಯಿಂದ ಬಹಳ ಹೊತ್ತು ಹೊರಗೆ ಬರಲಿಲ್ಲ. ನಾಡಿನಲ್ಲಿ ಇಂಥ ತಾಯಂದಿರು ಎಷ್ಟೋ ಮಂದಿ. ಅವರಲ್ಲಿ ಬಹಳ ಮಂದಿ ಈ ಮಾತುಗಳಿಗೆ ಅಂಜಿಯೇ ಬಾಗಿಲು ತೆರೆಯುತ್ತಾರೆ. ಹಿರಿಯರಾದ ನಾವು, ಮಾವನಾಗಿಯೋ ಅತ್ತೆಯಾಗಿಯೋ ದೊಡ್ಡಪ್ಪನಾಗಿಯೋ, ಅವರಿಗಿಂತ ಮೊದಲೇ ‘ಇನ್ನೊಮ್ಮೆ ಬನ್ನಿ’ ಎಂಬ ಮಾತನ್ನು ಆಡಿದರೆ ಅವರು ಕೆಟ್ಟವರೆನಿಸಿಕೊಳ್ಳಬೇಕಾದುದಿಲ್ಲ. ನಮ್ಮ ಮನೆಯಲ್ಲಿ ಈಗ ಆ ಕೆಲಸವನ್ನು ನಾನು ವಹಿಸಿಕೊಂಡಿದ್ದೇನೆ; ಬೇಸರವಾದರೆ ನನ್ನ ಮೇಲೆ ಆಗಲಿ.

ಬರುವ ಗೌರಿಹಬ್ಬಕ್ಕೆ ನಮ್ಮ ಮನೆಗೆ ಅವಶ್ಯವಾಗಿ ಬನ್ನಿರಿ. ಹೊರಡುವ ಮೊದಲು ಒಂದು ಕರೆ ಮಾಡಿರಿ, ಮನೆಯಲ್ಲಿ ಯಾರಿಗಾದರೂ ಮೈಯಲ್ಲಿ ಹುಷಾರಿಲ್ಲದಿದ್ದರೆ ಸಂಕೋಚವಿಲ್ಲದೆ ತಿಳಿಸಿರಿ. ಬಾಗಿನವನ್ನು ನಾನೇ ನಿಮ್ಮ ಮನೆಗೆ ಮುಟ್ಟಿಸುತ್ತೇನೆ. ಹುಷಾರಾಗಿರುವ ಮಕ್ಕಳನ್ನೆಲ್ಲ ಕರೆದುಕೊಂಡೇ ಬನ್ನಿರಿ. ಚೌಕಾಬಾರದಲ್ಲಿ ನನ್ನ ಮೊಮ್ಮಗಳನ್ನು ಸೋಲಿಸುವವರು ನಮ್ಮ ಬೀದಿಯಲ್ಲಿ ಯಾರೂ ಇಲ್ಲ, ಹೊಸ ಜೊತೆಗಾರರಿಗಾಗಿ ಅವಳು ಕಾಯುತ್ತಿದ್ದಾಳೆ.

ಇತಿ,
ನಿಮ್ಮ ವಿಶ್ವಾಸಿ,
ಆ ಮಗುವಿನ ತಾತ